ಮುಳುಗಿದ ಹತ್ತಿಯ ಪಾಲು

ಶೆಟ್ಟೆವ್ವನ ಮನೆಯಲ್ಲಿ ಯಾರ ಹೆಸರಿಗೂ ಪಹಣಿಯ ಉತಾರ ಇರಲಿಲ್ಲ.

ಹನ್ನೊಂದು ವರ್ಷದಿಂದ ಅವಳೂ ಅವಳ ಗಂಡ ಯಂಕಪ್ಪನೂ ಶ್ರೀಶೈಲಪ್ಪ ಸಾವಕಾರನ ಆರು ಎಕರೆ ಎರೆಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಬೀಜ ಅರ್ಧ, ಗೊಬ್ಬರ ಅರ್ಧ, ಬಂದ ಮಾಲು ಅರ್ಧ. ದುಡಿತ ಮಾತ್ರ ಪೂರ್ತಿ ಇವರದು. ಸರಕಾರದಿಂದ ಏನೇ ಬಂದರೂ ಅದು ಉತಾರದಲ್ಲಿದ್ದ ಹೆಸರು ನೋಡಿ ಬರುತ್ತಿತ್ತು, ಶ್ರೀಶೈಲಪ್ಪನ ಖಾತೆಗೆ ಹೋಗುತ್ತಿತ್ತು.

ಅದನ್ನು ಶೆಟ್ಟೆವ್ವ ಹೇಗೋ ತಡೆದುಕೊಂಡಿದ್ದಳು. ಅವನು ಸಾವಕಾರ. ಅವನ ಅಪ್ಪನೂ ಸಾವಕಾರ. ಅವಳಿಗೆ ತಡೆಯಲಾಗದೆ ಇದ್ದದ್ದು ನೆಗೆಣ್ಣಿ ಶಿವಾನಿಯ ಫೋನಿನ ಸದ್ದು. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ನಾಲ್ಕು ತಿಂಗಳಿಗೊಮ್ಮೆ ಆ ಕಡೆಯಿಂದ ಟಣ್ ಎನ್ನುವ ಸದ್ದು, ಅದರ ಹಿಂದೆಯೇ ಶಿವಾನಿಯ ದನಿ: "ಏ, ಬಂದ್ವು ನೋಡು, ಎರಡ ಸಾವಿರ." ಅಂದು ಶೆಟ್ಟೆವ್ವನ ರೊಟ್ಟಿ ಹಂಚಿನ ಮೇಲೆ ಕರಕಲಾಗುತ್ತಿತ್ತು.

ಶಿವಾನಿ, ಯಂಕಪ್ಪನ ತಮ್ಮ ಸುಭಾಸನ ಹೆಂಡತಿ. ಮಾವ ಸತ್ತ ವರ್ಷ ಅಣ್ಣತಮ್ಮರ ವಾಟ್ನಿ ಆದಾಗ ಹಂಚಲು ಇದ್ದದ್ದು ಎರಡೇ. ಹಿಂದೆ ಸರಕಾರ ಮಾವನಿಗೆ ಕೊಟ್ಟಿದ್ದ ಎರಡು ಎಕರೆ ನಾಲ್ಕು ಗುಂಟೆ ಮಡ್ಡಿ, ಮತ್ತೆ ಒಂದು ಜೋಡಿ ಎತ್ತು. ಕೇರಿಯ ಹಿರಿಯರು, "ಹಿರ‍್ಯಾವ ಮೊದಲ ಆರಿಸಲಿ" ಎಂದರು. ಯಂಕಪ್ಪ ಹೆಂಡತಿಯ ಕಡೆ ನೋಡಿದ. ಎತ್ತು ಎಂದು ಸನ್ನೆ ಮಾಡಿದವಳು ಅವಳೇ. ಮಡ್ಡಿಯಲ್ಲಿ ಒಂದು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಕಲ್ಲು. ಎತ್ತು ಇದ್ದರೆ ಯಾರ ಹೊಲವನ್ನಾದರೂ ಮಾಡಬಹುದು. ಅಂದು ಇಡೀ ಕೇರಿ ಅವಳನ್ನು ಜಾಣೆ ಎಂದಿತು. ಅಣ್ಣತಮ್ಮರು ದೇವರ ಭಂಡಾರ ಮುಟ್ಟಿ ಆಣೆ ಮಾಡಿ ಒಪ್ಪಿಕೊಂಡರು. ಕಾಗದ ಮಾಡಿಸಲಿಲ್ಲ. ಮಡ್ಡಿಯ ಉತಾರಕ್ಕೆ ಸುಭಾಸನ ಹೆಸರು ಸೇರಿತು.

ಒಂದು ಎತ್ತು ಗಂಟುರೋಗದಲ್ಲಿ ಸತ್ತಿತು. ಒಂಟಿ ಎತ್ತನ್ನು ಸಂತೆಗೆ ಹೊಡೆದರು. ಕಲ್ಲಿಗೆ ಯಾವ ರೋಗವೂ ಬರಲಿಲ್ಲ.

*

ಆ ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಬಿಡದೆ ಮಳೆ ಹೊಡೆಯಿತು. ಸೊಂಟದ ಮಟ್ಟ ಬೆಳೆದಿದ್ದ ಹತ್ತಿ ನೀರಿನಲ್ಲೇ ನಿಂತು ಕೊಳೆಯಿತು. ಕಾಯಿ ಕಪ್ಪಾದವು, ಹಿಡಿದರೆ ಬೆರಳಿಗೆ ಲೋಳೆ.

ಬೆಳೆ ಹಾಳಾದದ್ದರ ಫೋಟೋ ಹೊಡೆಯಲು ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ ಅನೀಲಕುಮಾರ ಬಂದ. ಹೊಲಕ್ಕೆ ದಾರಿ ಇಲ್ಲ. ರಸ್ತೆಗೂ ಸಾವಕಾರನ ಹೊಲಕ್ಕೂ ನಡುವೆ ಸುಭಾಸನ ಮಡ್ಡಿ ಅಡ್ಡ ಬಿದ್ದಿತ್ತು. ಶ್ರೀಶೈಲಪ್ಪ ಕಾರನ್ನು ರಸ್ತೆಯಲ್ಲೇ ಬಿಟ್ಟು, ಮಡ್ಡಿಯನ್ನೂ ಮಡ್ಡಿಯ ಒಡೆಯನನ್ನೂ ಬೈಯುತ್ತ ನಡೆದು ಬಂದ. ಶೆಟ್ಟೆವ್ವ ಬದುವಿನಿಂದ ಹೊಲದವರೆಗೆ ನಾಲ್ಕು ಗೋಣಿಚೀಲ ಹಾಸಿದಳು. ಅವನು ಅವುಗಳ ಮೇಲೆ ಕಾಲಿಟ್ಟು ಬಂದು ನಿಂತ.

"ಒಂದ ಗಿಡಾ ಕಿತ್ತು ಮ್ಯಾಲ ಹಿಡಿಬೇ," ಎಂದ ಅನೀಲಕುಮಾರ.

ಅವಳು ಕಿತ್ತು ಹಿಡಿದಳು.

"ನಿನ್ನ ಮಾರಿ ಬ್ಯಾಡ. ಗಿಡಾ ಅಷ್ಟ ಬರಲಿ. ಇನ್ನೂ ಹಿಂದಕ ಸರಿ."

ಅವಳು ಇನ್ನೂ ಹಿಂದಕ್ಕೆ ಸರಿದು ಮೊಣಕಾಲಿನವರೆಗೆ ಹೂತಳು. ಕೈ ಮಾತ್ರ ಮುಂದೆ ಚಾಚಿದಳು.

"ಸಾವ್ಕಾರ್ರ, ಜರಾ ಅಳು ಮಾರಿ ಮಾಡ್ರಿ."

"ಅಳಾಕ ಈಕಿನ್ನ ಇಟಗೊಂಡೇನಲ್ಲೋ," ಎಂದು ಶ್ರೀಶೈಲಪ್ಪ ನಕ್ಕ. ಅನೀಲಕುಮಾರನೂ ನಕ್ಕ. ಶೆಟ್ಟೆವ್ವನೂ ಒಂದಿಷ್ಟು ನಕ್ಕಳು. ನಗದಿದ್ದರೆ ಸಾವಕಾರ ಅದನ್ನು ನೆನಪಿಟ್ಟುಕೊಳ್ಳುತ್ತಿದ್ದ.

ವಾಪಸು ಹೋಗುವಾಗ ಅನೀಲಕುಮಾರ ಮಡ್ಡಿಯಲ್ಲಿ ಅಲ್ಲೊಂದು ಇಲ್ಲೊಂದು ಬಾಡಿ ನಿಂತಿದ್ದ ತೊಗರಿಯದೂ ಒಂದು ಫೋಟೋ ಹೊಡೆದುಕೊಂಡ. ಶಿವಾನಿ ಸೆರಗು ಸರಿಮಾಡಿಕೊಂಡು ತೊಗರಿಯ ಪಕ್ಕ ನಿಂತಳು. ಅವಳ ಮುಖ ಬಂತು.

*

ಹತ್ತಿ ಕಿತ್ತು, ಹೊಲ ಆರಿದ ಮೇಲೆ ಕಡಲೆ ಬಿತ್ತಿದರು. ಕಡಲೆ ನೆಲ ಬಿಟ್ಟು ಎದ್ದ ವಾರ, ಪರಿಹಾರದ ರೊಕ್ಕ ಬಂದಿದೆ ಎಂಬ ಸುದ್ದಿ ಬಂತು. ಶೆಟ್ಟೆವ್ವ ಶಮ್ಶುನ್ನೀಸಾಳ ಆನ್‌ಲೈನ್ ಅಂಗಡಿಗೆ ಹೋದಳು. ಊರಿನ ಎಲ್ಲರ ಉತಾರ, ಆಧಾರು, ಪಾಸ್‌ಬುಕ್ಕು ಅವಳ ಕಂಪ್ಯೂಟರಿನೊಳಗೇ ಇದ್ದವು.

"ಶಮ್ಶೂ, ನಮ್ಮ ಸಾವ್ಕಾರದು ನೋಡವಾ."

"ಅವರದು ನಿನಗ್ಯಾಕಬೇ?"

"ಹತ್ತಿ ನಂದಲ್ಲ?"

ಶಮ್ಶುನ್ನೀಸಾ ಒತ್ತಿ ನೋಡಿದಳು. "ನಲವತ್ತ ಸಾವಿರದ ಎಂಟನೂರು."

ಶೆಟ್ಟೆವ್ವ ಅರ್ಧ ಮಾಡಿಕೊಂಡಳು. ಅದಕ್ಕೆ ಅವಳಿಗೆ ಕಂಪ್ಯೂಟರ್ ಬೇಕಾಗಲಿಲ್ಲ. ಎದ್ದವಳು ಮತ್ತೆ ಕೂತಳು.

"ನಮ್ಮ ಸುಭಾಸಂದು?"

"ಹದಿನಾಲ್ಕ ಸಾವಿರದ ಎರಡನೂರು."

"ಆ ಕಲ್ಲಿಗಾ?"

"ಕಂಪ್ಯೂಟರಿಗೆ ಕಲ್ಲು ಕಾಣಂಗಿಲ್ಲಬೇ ಯಕ್ಕಾ. ಎಕರೆ ಕಾಣತೈತಿ."

ಸಾವಕಾರನ ನಲವತ್ತು ಸಾವಿರ ಅವಳಿಗೆ ಚುಚ್ಚಲಿಲ್ಲ. ದಾರಿಯುದ್ದಕ್ಕೂ ಚುಚ್ಚಿದ್ದು ಹದಿನಾಲ್ಕು ಸಾವಿರ.

*

"ಏನಬೇ ಶೆಟ್ಟಿ, ಹೊತ್ತಿಲ್ಲದ ಹೊತ್ತಿನ್ಯಾಗ?"

ಶ್ರೀಶೈಲಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ತಲಾಟಿ. ಶೆಟ್ಟೆವ್ವ ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು.

"ಹತ್ತೀದು ರೊಕ್ಕ ಬಂದೈತಂತಲ್ರಿ."

"ಯಾರಂದ್ರು?"

"ಪಟ್ಟಿಯೊಳಗ ಐತ್ರಿ."

"ಓದಾಕ ಯಾವಾಗ ಕಲತಿ?"

"ಓದಿಸಿದ್ನಿರಿ."

"ಬಂದೈತಿ. ಏನೀಗ?"

"ನಮ್ಮ ಪಾಲ್ರಿ."

ಶ್ರೀಶೈಲಪ್ಪ ಕಪ್ಪು ಕೆಳಗಿಟ್ಟ. "ಕೇಳಿದೇನೋ ತಲಾಟಿ? ಪಾಲಂತ ಪಾಲು. ಮಾಲು ಬಂದ್ರ ಪಾಲು. ಮಾಲು ಎಲ್ಲೈತಿ? ಕೊಳತು ಕೆಸರಾಗಿ ಹೋತು. ಹೋಗು, ಬುಟ್ಟಿ ತಗೊಂಡ ಹೋಗಿ ಅರ್ಧಾ ಕೆಸರು ತುಂಬಕೊಂಡು ಹೋಗು. ನಾ ಬ್ಯಾಡನ್ನಂಗಿಲ್ಲ."

"ಮಾಲಿನ ಬದಲಿ ಬಂದ ರೊಕ್ಕರಿ ಅದು. ಬೀಜಕ್ಕ ಅರ್ಧಾ ನಾವೂ ಹಾಕೇವಿ. ಗೊಬ್ಬರಕ್ಕೂ..."

"ಏ ರಂಡೆ, ಸರಕಾರ ಏನು ನಿನ್ನ ಮಾವ ಆಗಬೇಕೇನ? ನಿನಗ ಕೊಡೂದಿದ್ರ ನಿನ್ನ ಹೆಸರಿಗೇ ಹಾಕತಿತ್ತು. ನನ್ನ ಹೊಲ, ನನ್ನ ಉತಾರ, ನನ್ನ ರೊಕ್ಕ. ಬಾಯಿ ಬಿಟ್ರ ಬ್ಯಾರೆ ಪಾಲಿನವರು ಸಾಲು ಹಚ್ಚತಾರ. ಗೊತ್ತೈತೇನ?"

ಶೆಟ್ಟೆವ್ವ ನಿಂತಲ್ಲೇ ನಿಂತಳು.

ಶ್ರೀಶೈಲಪ್ಪ ಅವಳನ್ನೇ ನೋಡುತ್ತ ಕೂತ. ಆಮೇಲೆ ಅವನ ದನಿ ಬದಲಾಯಿತು. ಒಳಗೆ ಕೂಗಿ ಅವಳಿಗೂ ಚಹಾ ತರಲು ಹೇಳಿದ. ಚಹಾ ಕಾಗದದ ಕಪ್ಪಿನಲ್ಲಿ ಬಂತು.

"ನೀ ಶ್ಯಾಣ್ಯಾಕಿ ಅದಿ. ಆದರ ತಪ್ಪ ಮನೀ ಬಾಗಲಾ ಬಡ್ಯಾಕತ್ತಿ. ನನ್ನದರಾಗ ನಿನಗ ಎಲ್ಲೀ ಪಾಲು? ನಿನ್ನ ಮಾವನ ಹೊಲದಾಗ ಕೇಳು. ಆ ಮಡ್ಡಿ ಸುಭಾಸ ಒಬ್ಬಂದೇನ? ಯಂಕ ಏನು ಬ್ಯಾರೆಯವರಿಗೆ ಹುಟ್ಯಾನ?"

"ವಾಟ್ನಿ ಆಗೈತ್ರಿ. ನಾವು ಎತ್ತು ತಗೊಂಡೇವಿ."

"ಕಾಗದ ಐತೇನ?"

"ಇಲ್ರಿ."

"ತಲಾಟಿ, ಕಾಗದ ಇಲ್ಲದ ವಾಟ್ನಿ ನಡೀತೈತೇನೋ?"

"ಎಲ್ಲಿಂದ ನಡೀತೈತ್ರಿ," ಎಂದ ಅನೀಲಕುಮಾರ. "ಒಂದ ತಕರಾರ ಅರ್ಜಿ ಕೊಟ್ರ ಮುಗೀತು. ಅಣ್ಣನ ಹೆಸರೂ ಕೂಡಸಾಕ ಬರತೈತಿ."

"ಅರ್ಧಾ ಬರ್ತೈತೇನ್ರಿ? ಆ ಹದಿನಾಲ್ಕ ಸಾವಿರದಾಗ?"

"ಬರ್ತೈತಿ, ಬರ್ತೈತಿ."

ಶೆಟ್ಟೆವ್ವ ಚಹಾ ಕುಡಿದು, ಕಪ್ಪನ್ನು ತಾನೇ ತಿಪ್ಪೆಗೆ ಎಸೆದು ಬಂದಳು.

*

ಮರುದಿನ ಶಿವಾನಿಯ ಮನೆಗೆ ತಿಜೋರಿ ಬಂತು. ಟಂಟಂ ಗಾಡಿಯಿಂದ ಇಳಿಸುವಾಗ ಕೇರಿಯ ಹೆಂಗಸರೆಲ್ಲ ಬಂದು ನಿಂತರು. ನೀಲಿ ಬಣ್ಣದ, ಬಾಗಿಲಿಗೆ ಆಳೆತ್ತರದ ಕನ್ನಡಿ ಇದ್ದ ಕಬ್ಬಿಣದ ತಿಜೋರಿ. ನಾಲ್ವರು ಅದನ್ನು ಓರೆ ಮಾಡಿ ಶೆಟ್ಟೆವ್ವನ ಬಾಗಿಲ ಮುಂದಿನಿಂದ ಹಾಯಿಸಿಕೊಂಡು ಹೋದರು. ಕನ್ನಡಿಯಲ್ಲಿ ಮೊದಲು ಅವಳ ತಗಡಿನ ಬಾಗಿಲು ಕಂಡಿತು, ಆಮೇಲೆ ಅವಳು, ಆಮೇಲೆ ಆಕಾಶ.

"ಅದರಾಗ ಏನ ಇಡತಿ? ಕಲ್ಲ?" ಎಂದಳು ಶೆಟ್ಟೆವ್ವ.

ಹೆಂಗಸರು ನಕ್ಕರು. ಶಿವಾನಿ ಬಿಡಲಿಲ್ಲ. "ಹೌದಬೇ ಯಕ್ಕಾ, ಕಲ್ಲ ಇಡತೇನಿ. ನನ್ನ ಕಲ್ಲು ಹಾಲ ಕೊಡಾಕತ್ತಾವ. ನಿನ್ನ ಎತ್ತು ಏನ ಕೊಟ್ಟಾವ?"

"ಹೊಲದಾಗ ಬೆವರ ಸುರಿಸಿದಾಕಿ ನಾನು. ಕಾಲಿಗೆ ಕೆಸರ ಹತ್ತದ ನೀ ರೊಕ್ಕ ಎಣಸತಿ."

"ನಾ ಏನು ಕದ್ದೇನೇನ? ಆರಿಸ್ಕೊಂಡಾಕಿ ನೀನಽ. ಹಿರೇರ ಮುಂದ ಸನ್ನಿ ಮಾಡಿದ್ದು ನೆನಪೈತೇನ? ಅವತ್ತ ನನಗ ಮಡ್ಡಿ ಸಿಕ್ಕಿದ್ದಕ್ಕ ಮೂರ ದಿನ ಅತ್ತೇನಿ. ಯಾರಾದರೂ ಬಂದ ಕೇಳಿದ್ರ್ಯಾ?"

ಅದು ನಿಜ. ನಿಜವಾದ್ದರಿಂದಲೇ ಶೆಟ್ಟೆವ್ವನಿಗೆ ಅಂದು ಅನ್ನ ಇಳಿಯಲಿಲ್ಲ.

ಅರ್ಜಿಯನ್ನು ಶ್ರೀಶೈಲಪ್ಪನೇ ಬರೆಸಿಟ್ಟಿದ್ದ. ಯಂಕಪ್ಪ ಸಹಿ ಮಾಡುವುದಷ್ಟೇ ಬಾಕಿ. ಅವನು ಆಗುವುದಿಲ್ಲ ಎಂದ.

"ಭಂಡಾರ ಮುಟ್ಟೇನಿ ನಾನು. ಒಡಹುಟ್ಟಿದಂವ ಅಂವ."

"ಒಡಹುಟ್ಟಿದಂವ ಹದಿನಾಲ್ಕ ಸಾವಿರದಾಗ ಒಂದ ಸಾವಿರನಾದ್ರೂ ನಿನ್ನ ಕೈಯಾಗ ಇಟ್ಟಾನ?"

"ಯಾಕ ಇಡಬೇಕ? ಅಂವಂದು ಅಂವಂದು."

"ನಿಂದ ಎಲ್ಲೈತಿ? ತೋರಸು. ನಿನ್ನ ಎತ್ತಾದ್ರೂ ತೋರಸು."

ಎರಡು ದಿನ ಅವಳು ತನ್ನೊಬ್ಬಳಿಗಾಗುವಷ್ಟೇ ರೊಟ್ಟಿ ಬಡಿದಳು. ಮೂರನೇ ದಿನ ಯಂಕಪ್ಪ ಕಟ್ಟೆಯ ಕೆಳಗೆ ಹೋಗಿ ನಿಂತ. ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ, ನಾಲಿಗೆ ಕಚ್ಚಿಕೊಂಡು ಬರೆದ. ಶ್ರೀಶೈಲಪ್ಪ ಅದನ್ನು ಓದಿ, "ಹಸ್ತಾಕ್ಷರ ಚಂದ ಐತಲೋ ಯಂಕ," ಎಂದ.

*

ಹತ್ತೇ ದಿನದಲ್ಲಿ ಸುಭಾಸನ ಉತಾರದ ಮೇಲೆ 'ತಕರಾರು' ಎಂಬ ಪದ ಬಿತ್ತು. ಮುಂದಿನ ಕಂತಿನ ಎರಡು ಸಾವಿರ ಕೇರಿಯಲ್ಲಿ ಉತಾರ ಇದ್ದ ಏಳು ಮನೆಗೆ ಬಂತು, ಸುಭಾಸನಿಗೆ ಬರಲಿಲ್ಲ. ಶೆಟ್ಟೆವ್ವ ಗೋಡೆಗೆ ಕಿವಿ ಕೊಟ್ಟು ಕಾದಳು. ಟಣ್ ಎನ್ನಲಿಲ್ಲ. ಅಂದು ಅವಳು ಬದನೆಕಾಯಿ ಎಣಗಾಯಿ ಮಾಡಿ ಹೊಟ್ಟೆ ತುಂಬ ಉಂಡಳು.

ಆದರೆ ಅವಳಿಗೂ ಏನೂ ಬರಲಿಲ್ಲ. ತಕರಾರು ತೀರುವವರೆಗೆ ಯಾರಿಗೂ ಇಲ್ಲ ಎಂದ ಅನೀಲಕುಮಾರ. ಯಾವಾಗ ತೀರುತ್ತದೆ ಎಂದು ಕೇಳಿದರೆ, "ಕೋರ್ಟಿನ ಮಾತು ನಾ ಹೆಂಗ ಹೇಳಲಿ?" ಎಂದ.

ಅದೇ ಅನೀಲಕುಮಾರ ಸುಭಾಸನ ಮನೆಗೂ ಹೋದ. ತಕರಾರಿನ ಜಮೀನಿಗೆ ಸರಕಾರದ ರೊಕ್ಕ ತಿಂದಿದ್ದೀಯ, ಹದಿನಾಲ್ಕು ಸಾವಿರದ ಎರಡುನೂರು ತಿರುಗಿ ಕಟ್ಟದಿದ್ದರೆ ಕೇಸು ಆಗುತ್ತದೆ, ಒಳಗೆ ಹಾಕುತ್ತಾರೆ ಎಂದ. ರೊಕ್ಕ ಬರುವ ಹೊತ್ತಿಗೆ ಯಾವ ತಕರಾರೂ ಇರಲಿಲ್ಲ ಎಂದು ಹೇಳಲು ಸುಭಾಸನಿಗೆ ತಿಳಿಯಲಿಲ್ಲ. ಅವನು ಶ್ರೀಶೈಲಪ್ಪನ ಕಟ್ಟೆಯ ಕೆಳಗೆ ಹೋಗಿ ನಿಂತ. ಅಣ್ಣ ನಿಂತಿದ್ದ ಜಾಗದಲ್ಲೇ.

ಸರಕಾರ ಕೊಟ್ಟ ಜಮೀನು, ಮಾರಲು ಬರುವುದಿಲ್ಲ. ಹಾಗಾಗಿ ಶ್ರೀಶೈಲಪ್ಪ ಬಾಂಡ್ ಕಾಗದದ ಮೇಲೆ ಮಡ್ಡಿಯನ್ನು ಇಪ್ಪತ್ತು ವರ್ಷದ ಲಾವಣಿಗೆ, ಅಂದರೆ ಗುತ್ತಿಗೆಗೆ, ಬರೆಸಿಕೊಂಡ. ಅದರ ಬದಲಿಗೆ ಆ ಹದಿನಾಲ್ಕು ಸಾವಿರ ಸರಕಾರಕ್ಕೆ ತಾನೇ ಕಟ್ಟುತ್ತೇನೆ, ನೀನು ಚಿಂತೆ ಬಿಡು ಎಂದ. ಕಟ್ಟಿದ ರಶೀದಿಯನ್ನು ಯಾರೂ ನೋಡಲಿಲ್ಲ. ನಾಲ್ಕನೇ ದಿನ ಮಡ್ಡಿಯಲ್ಲಿ ಜೆಸಿಬಿ ಇಳಿಯಿತು. ಕಲ್ಲನ್ನು ಎರಡೂ ಬದಿಗೆ ಒತ್ತಿ, ರಸ್ತೆಯಿಂದ ನೇರ ಸಾವಕಾರನ ಹೊಲದವರೆಗೆ ಲಾರಿ ಹೋಗುವಷ್ಟು ಅಗಲದ ದಾರಿ ಮಾಡಿತು.

ಆ ದಾರಿಯಲ್ಲಿ ಮೊದಲು ಬಂದದ್ದು ಶ್ರೀಶೈಲಪ್ಪನ ಕಾರು. ಶೆಟ್ಟೆವ್ವ ಕಡಲೆಯಲ್ಲಿ ಕಳೆ ತೆಗೆಯುತ್ತಿದ್ದಳು. ಅವನು ಗಾಜು ಇಳಿಸಿದ. ಇಳಿದು ಬರುವ ಅಗತ್ಯ ಇರಲಿಲ್ಲ.

"ಕಡ್ಲಿ ಚಲೋ ಬಂದೈತಿ. ರಾಶಿ ಆದ ಮ್ಯಾಲ ನೀವು ಹೊಲಾ ಬಿಡ್ರಿ."

"ಯಾಕ್ರೀ?"

"ಇನ್ನ ಟ್ರ್ಯಾಕ್ಟರ್ ಬರ್ತೈತಿ, ಬಿತ್ತೂ ಮಷಿನ್ ಬರ್ತೈತಿ, ಕೊಯ್ಯೂ ಮಷಿನ್ ಬರ್ತೈತಿ. ಇಷ್ಟ ವರ್ಷ ದಾರಿ ಇರಲಿಲ್ಲಂತ ನಿಮ್ಮನ್ನ ಇಟಗೊಂಡಿದ್ದೆ. ದಾರಿ ಮಾಡಿ ಕೊಟ್ಟಾಕಿ ನೀನಽ. ಪುಣ್ಯಾತಗಿತ್ತಿ."

ಶೆಟ್ಟೆವ್ವನ ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಇತ್ತು. ಅವಳು ಅದನ್ನು ನೋಡಿಕೊಂಡಳು.

"ಮತ್ತ ನಾಳೆ ತಲಾಟಿ ಕಡ್ಲಿ ಫೋಟೋಕ್ಕ ಬರ್ತಾನ. ಬದುವಿನ ಕಸಾ ತಗದಿಡು. ಫೋಟೋದಾಗ ಬೆಳಿ ಇಲ್ಲಂದ್ರ ಉತಾರದಾಗ ಬೀಳು ಅಂತ ಬೀಳತೈತಿ. ಬೆಂಬಲ ಬೆಲಿನೂ ಇಲ್ಲ, ಬೆಳಿ ವಿಮಾದ ರೊಕ್ಕಾನೂ ಇಲ್ಲ."

"ಇದೂ ಕೆಟ್ರ, ಆ ರೊಕ್ಕಾನೂ ನಿಮ್ದಽ ಏನ್ರಿ?"

"ಮತ್ತ್ಯಾರದು? ನಿಮ್ಮಪ್ಪಂದಾ?"

ಗಾಜು ಮೇಲೇರಿತು.

*

ಮರುದಿನ ಬೆಳಗ್ಗೆ ಸೋಮನಿಂಗನ ಕುರಿ ಹಿಂಡು ದೇವಣಗಾಂವ ಕಡೆಯಿಂದ ಬರುತ್ತಿತ್ತು. ಮುನ್ನೂರಕ್ಕೆ ಹತ್ತು ಕಡಿಮೆ. ವರ್ಷವರ್ಷ ಇದೇ ಹೊತ್ತಿಗೆ ಅವನು ಈ ದಾರಿ ಹಿಡಿಯುತ್ತಿದ್ದ. ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಜೋಳ ಇಸಿದುಕೊಂಡು ಮುಂದೆ ಹೋಗುತ್ತಿದ್ದ. ಶೆಟ್ಟೆವ್ವ ಹೊಸ ದಾರಿಯ ನಡುವೆ ನಿಂತು ಕೈಯೆತ್ತಿದಳು.

"ಸೋಮಣ್ಣಾ, ಹೊಡಿ ಒಳಗ."

"ಎಲ್ಲಿ ಒಳಗಬೇ?"

"ಕಡ್ಲಿಯೊಳಗ."

ಸೋಮನಿಂಗ ಹೊಲ ನೋಡಿದ. ಕಡಲೆ ಮೊಣಕಾಲಿಗೆ ಬಂದಿತ್ತು, ನಸುಗೆಂಪು ಹೂ ಬಿಟ್ಟಿತ್ತು. "ಕುರಿ ಬಿಟ್ಟು ಕುಡಿ ಚಿವುಟ್ಸೂ ಹೊತ್ತು ದಾಟೇತಲ್ಲಬೇ ಯವ್ವಾ. ಈಗ ಬಿಟ್ರ ಬುಡ ಸೈತ ಉಳಿಯಂಗಿಲ್ಲ. ಹುಚ್ಚ ಹಿಡದೈತೇನ?"

"ಹಿಡದೈತಿ. ಹೊಡಿ."

"ಸಾವ್ಕಾರಗ ಹೇಳೀಯೇನ? ನಾಳೆ ನನ್ನ ಕುರಿ ಹಿಡದ ಕಟ್ಟಿದರ?"

"ಪಾಲಿನ ಹೊಲ. ಪಾಲಿನಾಕಿ ಕರದಾಳ ಅನ್ನು. ನಾಕ ಮಂದಿ ಮುಂದ ನಾನಽ ಹೇಳತೇನಿ."

"ಹಂಗಾರ ನಿನ್ನ ಪಾಲು ಯಾವ ಕಡಿದು, ತೋರಸು. ಅಷ್ಟಽ ಮೇಯಸ್ತೇನಿ."

"ಗೆರಿ ಕೊರದ ಕೊಟ್ಟಿಲ್ಲಪಾ ಯಾರೂ. ಹೊಡಿ."

ಸೋಮನಿಂಗ ಸ್ವಲ್ಪ ಹೊತ್ತು ಕೋಲಿನ ಮೇಲೆ ಭಾರ ಬಿಟ್ಟು ನಿಂತ. ಅವನ ಕುರಿಗಳಿಗೆ ಎರಡು ದಿನದಿಂದ ಒಣಹುಲ್ಲು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಅವು ಅವನನ್ನು ಕಾಯಲೂ ಇಲ್ಲ. ಮುಂದಿನ ಟಗರು ಹೊಲಕ್ಕೆ ಕಾಲಿಟ್ಟಿತು. ಹಿಂದಿನವೆಲ್ಲ ನುಗ್ಗಿದವು.

ಶಿವಾನಿ ದಾರಿಯ ಬದಿಗೆ ಗುಡ್ಡೆ ಬಿದ್ದಿದ್ದ ಕಲ್ಲಿನ ಮೇಲೆ ಬಂದು ನಿಂತಳು. ಸುಭಾಸನೂ ಯಂಕಪ್ಪನೂ ಚಡಚಣ ಕಡೆ ದ್ರಾಕ್ಷಿ ತೋಟದ ಕೂಲಿಗೆ ಹೋಗಿದ್ದರು. ಒಂದೇ ಟೆಂಪೋದಲ್ಲಿ, ಮಾತಿಲ್ಲದೆ. ತಿಜೋರಿಯನ್ನು ಶಿವಾನಿ ಕೊಂಡ ಬೆಲೆಯ ಅರ್ಧಕ್ಕೆ ಹಿಂದಿನ ವಾರ ಮಾರಿದ್ದಳು.

"ಇದರಿಂದ ನಮ್ಮ ಮಡ್ಡಿ ತಿರುಗಿ ಬರ್ತೈತೇನ?" ಎಂದಳು.

"ಇಲ್ಲ."

"ಮತ್ಯಾಕ?"

"ಅವಗೂ ಸಿಗಬಾರದು."

"ನನಗ ಸಿಗಬಾರದಂತ ಅರ್ಜಿ ಕೊಟ್ಟಿ. ಅವಗ ಸಿಗಬಾರದಂತ ಕುರಿ ಬಿಟ್ಟಿ. ನಿನ್ನ ಹೊಟ್ಟಿಯೊಳಗ ಬ್ಯಾರೆ ಏನೂ ಇಲ್ಲೇನಬೇ?"

ಶೆಟ್ಟೆವ್ವ ಹೊಲದ ಕಡೆ ತಿರುಗಿದಳು. ಒಂದು ಮೂಲೆಯಲ್ಲಿ ಕುರಿ ಮುಟ್ಟದೆ ಉಳಿದ ಕಡಲೆ ಕಂಡಿತು. ಅವಳು ಆ ಕಡೆ ನಡೆದು, ಹತ್ತಿಪ್ಪತ್ತು ಕುರಿಗಳನ್ನು ತಾನೇ ಅತ್ತ ಹೊಡೆದಳು. ಶಿವಾನಿ ನೋಡುತ್ತ ನಿಂತಳು. ಅವಳು ಕಲ್ಲಿನಿಂದ ಇಳಿದು ಬರಲಿಲ್ಲ. ಕುರಿಗಳನ್ನು ಹೊರಗೂ ಅಟ್ಟಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಾವಕಾರನ ಕಾರು ಹೊಸ ದಾರಿಯಲ್ಲಿ ಬಂತು. ಶ್ರೀಶೈಲಪ್ಪ ಬಾಗಿಲು ತೆರೆದವನು ಒಂದು ಕಾಲು ಹೊರಗಿಟ್ಟು ಹಾಗೇ ನಿಂತ. ಅವನ ಬಾಯಿಂದ ಮೊದಲು ಬಂದದ್ದು ಶೆಟ್ಟೆವ್ವನ ತಾಯಿಯ ಮೇಲಿನ ಬೈಗುಳ, ಆಮೇಲೆ ಜಾತಿಯ ಮೇಲಿನದು. ಅನೀಲಕುಮಾರ ಫೋನು ಹಿಡಿದು ಇಳಿದ. ಎದುರಿಗೆ ಕಪ್ಪು ನೆಲ, ಮುರಿದ ಕಡ್ಡಿ, ಹಿಕ್ಕೆ. ನಡುವೆ ಶೆಟ್ಟೆವ್ವ.

"ಹಿಂದಕ ಸರಿಬೇ," ಎಂದ ಅನೀಲಕುಮಾರ, ರೂಢಿಯಂತೆ.

ಅವಳು ಸರಿಯಲಿಲ್ಲ. ಫೋನಿನ ಕಡೆಗೇ ಮುಖ ಮಾಡಿ ನಿಂತಳು.

"ಹೊಡಿಯೋ," ಎಂದಳು. "ಬೀಳು ಅಂತ ಬರಿ."

ಹೋದದ್ದು ಆರು ಎಕರೆ ಕಡಲೆ. ಅದರಲ್ಲಿ ಮೂರು ಎಕರೆಯ ಪಾಲು ಶ್ರೀಶೈಲಪ್ಪನದು, ಮೂರು ಎಕರೆಯ ಪಾಲು ಶೆಟ್ಟೆವ್ವನದು.